ಹಳೇ ಕೋರ್ಟಿನ ಕಂಬಗಳು

ಹತ್ತು ಗಂಟೆಗೆ ಬರಬೇಕೆಂದು ಶಿವಲೀಲಾಳಿಗೆ ತಾಕೀತು ಮಾಡಿದ್ದವರು ತಾವು ಬಂದದ್ದು ಹನ್ನೊಂದಕ್ಕೆ. ಬಂದವರೇ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಪೇಪರು ಹಾಸಿ, ಒಗ್ಗರಣಿ-ಮಿರ್ಚಿಯ ಪೊಟ್ಟಣ ಬಿಚ್ಚಿದರು. ಆಮೇಲೆ ಅವಳ ಕಡೆ ನೋಡಿದರು.

"ತಗೊಳ್ರಿ ಮೇಡಂ, ನಾಚ್ಕಿ ಬ್ಯಾಡ," ಎಂದ ಗುರುಬಸವರಾಜ.

"ಬ್ಯಾಡ ಸರ್, ಮನ್ಯಾಗ ತಿಂಡಿ ಆಗೈತಿ."

ಗುರುಬಸವರಾಜನಿಗೆ ಐವತ್ತೆರಡು. ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರ, ಕ್ರಿಮಿನಾಶಕದ ಅಂಗಡಿ ಇಟ್ಟಿದ್ದ. ಮೂವತ್ತು ವರ್ಷದ ಹಿಂದೆ ಈ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ನಾಯಕ. ಈಗ ಹಳೇ ಆಟಗಾರರ ಸಂಘದ ಅಧ್ಯಕ್ಷ, ಕಾಲೇಜಿನ ಆಡಳಿತ ಮಂಡಳಿಯ ಸದಸ್ಯ. ಅವನು ಆಡಿದ್ದು ಮೂರು ವರ್ಷ, ಅದನ್ನು ಹೇಳುತ್ತಾ ಬಂದದ್ದು ಮೂವತ್ತು ವರ್ಷ. ಪಕ್ಕದಲ್ಲಿ ಕೂತ ಪಾಲಾಕ್ಷ ಜೆರಾಕ್ಸ್ ಅಂಗಡಿಯವನು, ಅದೇ ತಂಡದ ಬದಲಿ ಆಟಗಾರ. ಮೂರು ವರ್ಷ ಸೇರಿ ಅವನು ಕೋರ್ಟಿಗೆ ಇಳಿದದ್ದು ಒಟ್ಟು ಹನ್ನೊಂದು ನಿಮಿಷ ಎಂದು ಊರಲ್ಲಿ ಮಾತಿತ್ತು. ಆ ಹನ್ನೊಂದು ನಿಮಿಷದ ಬಲದ ಮೇಲೆ ಅವನು ಈಗಿನ ಹುಡುಗಿಯರಿಗೆ ಬಾಲು ಹಿಡಿಯುವುದು ಹೇಗೆಂದು ಬೆಂಚಿನಿಂದಲೇ ಕೂಗಿ ಹೇಳುತ್ತಿದ್ದ. ಇವರಿಬ್ಬರನ್ನು ಬಿಟ್ಟರೆ, ಸ್ವಲ್ಪ ದೂರದಲ್ಲಿ ಬೇವಿನ ಮರದ ಬುಡಕ್ಕೆ ಒರಗಿ ಕೂತಿದ್ದ ಚೌಡಣ್ಣ. ಕಾಲೇಜಿನ ಮೈದಾನ ನೋಡಿಕೊಳ್ಳುತ್ತಿದ್ದವನು, ನಿವೃತ್ತನಾಗಿ ಆರು ವರ್ಷವಾದರೂ ಆ ಮರ ಬಿಟ್ಟಿರಲಿಲ್ಲ.

ಶಿವಲೀಲಾ ಕನ್ನಡದ ಅತಿಥಿ ಉಪನ್ಯಾಸಕಿ. ಹುಡುಗಿಯರ ತಂಡವನ್ನು ಬೇರೆ ಊರಿಗೆ ಕಳಿಸಬೇಕಾದರೆ ಜೊತೆಗೊಬ್ಬ ಹೆಂಗಸು ಬೇಕು ಎಂದು ಅವಳನ್ನು ತಂಡದ ಮ್ಯಾನೇಜರ್ ಮಾಡಿದ್ದರು. ದೈಹಿಕ ಶಿಕ್ಷಣದ ಹುದ್ದೆ ಮೂರು ವರ್ಷದಿಂದ ಖಾಲಿ. ಹೀಗಾಗಿ ಆಟದ ನಿಯಮದ ಪುಸ್ತಕವನ್ನು ಅವಳು ಪರೀಕ್ಷೆಗೆ ಓದುವಂತೆ ಅಡಿಗೆರೆ ಎಳೆದು ಓದಿದ್ದಳು. ಪ್ರತಿ ಪಂದ್ಯದಲ್ಲೂ ಯಾರು ಎಸೆದ ಬಾಲು ಎಲ್ಲಿಗೆ ಬಡಿಯಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದಳು. ಅದು ಆಟದ ಮೇಲಿನ ಪ್ರೀತಿಯಿಂದಲ್ಲ. ಏನಾದರೂ ತಪ್ಪಾದರೆ ಕೇಳುವುದು ತನ್ನನ್ನೇ ಎಂಬ ಅಂಜಿಕೆಯಿಂದ.

ಇವತ್ತು ಅವಳನ್ನು ಕರೆಸಿದ್ದು ಒಂದು ಪತ್ರ ಬರೆಯಲಿಕ್ಕೆ. ಹುಡುಗಿಯರ ತಂಡವನ್ನು ಮುಂದಿನ ವರ್ಷದಿಂದ ನಿಲ್ಲಿಸಬೇಕು ಎಂದು ಸಂಘದವರು ಪ್ರಿನ್ಸಿಪಾಲರಿಗೆ ಬರೆದುಕೊಡುವವರಿದ್ದರು. "ಕೋರ್ಟ್ ಕಟ್ಟಿಸಿದವರು ಅವರು, ಅವರು ಬ್ಯಾಡ ಅಂದ್ರ ಬ್ಯಾಡ," ಎಂದು ಪ್ರಿನ್ಸಿಪಾಲರು ಮೊದಲೇ ಕೈ ತೊಳೆದುಕೊಂಡಿದ್ದರು. ಪತ್ರ ಸೋಮವಾರ ಅವರ ಮೇಜಿನ ಮೇಲೆ ಇರಬೇಕು.

"ನೀವು ಕನ್ನಡ ಎಂ.ಎ. ಮಾಡೀರಿ," ಎಂದ ಗುರುಬಸವರಾಜ, ಮಿರ್ಚಿಯ ತೊಟ್ಟನ್ನು ಕೋರ್ಟಿನೊಳಕ್ಕೆ ಎಸೆದು. "ಯಾರಿಗೂ ಬ್ಯಾಸರ ಆಗಬಾರ್ದು, ಆದ್ರ ಮಾತು ನಾಟಬೇಕು. ಹಂಗ ಬರೀರಿ."

"ಏನಂತ ಬರೀಬೇಕು ಸರ್?"

"ಈ ವರ್ಷ ಆಡಿದ್ದು ಬರೀರಿ, ಸಾಕು. ಬ್ಯಾರೆ ಏನೂ ಬ್ಯಾಡ."

ಈ ವರ್ಷ ಆಡಿದ್ದು ಎಂಟು ಪಂದ್ಯ. ನಮ್ಮದೂ ಸೇರಿ ಐದು ತಾಲ್ಲೂಕಿನ ಕಾಲೇಜುಗಳು ನಡೆಸುವ ಲೀಗು ಅದು. ಪ್ರತಿ ತಂಡದ ಜೊತೆ ನಮ್ಮಲ್ಲೊಂದು, ಅವರಲ್ಲೊಂದು. ನಮ್ಮ ಕೋರ್ಟಿನಲ್ಲಿ ನಾಲ್ಕಕ್ಕೆ ನಾಲ್ಕೂ ಗೆಲುವು. ಹೊರಗೆ ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ನಾಲ್ಕಕ್ಕೆ ನಾಲ್ಕೂ ಸೋಲು.

"ಹರಪನಹಳ್ಳಿಯಾಗ ಅದೇನ್ರೀ ಅದು ಆಟ!" ಪಾಲಾಕ್ಷ ಬಾಯಿ ತುಂಬಿಕೊಂಡೇ ಶುರು ಮಾಡಿದ. "ಆ ರೇಣುಕಾ, ಕ್ಯಾಪ್ಟನ್ ಅಂತ ಬ್ಯಾರೆ. ಹದಿನಾಕು ಸಲ ಒಗದ್ಲು, ಒಂದು ಬೀಳ್ಲಿಲ್ಲ. ನಮ್ಮ ಎಮ್ಮಿ ಬಾಲ ಬೀಸಿದ್ರೂ ಎರಡು ಬೀಳ್ತಿದ್ವು."

"ಮ್ಯಾಲೆ ಏನಂದ್ಲು ಗೊತ್ತೈತಲ್ಲ? ರಿಂಗು ಎತ್ತರ ಐತಂತ!"

"ನಾನೇ ಅಂದೆ, ಮುಂದಿನ ಸಲ ಏಣಿ ತಗೊಂಡು ಬಾರವ್ವ ಅಂತ."

ಇಬ್ಬರೂ ತೊಡೆ ತಟ್ಟಿ ನಕ್ಕರು. ಅವತ್ತೂ ಹೀಗೇ ನಕ್ಕಿದ್ದರು. ಮಾಗಳದಿಂದ ದಿನಾ ಬಸ್ಸು ಬದಲಿಸಿ ಬರುವ ರೇಣುಕಾ ಅವತ್ತು ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ಕೂತವಳು ಊರು ಬರುವತನಕ ತಲೆ ಎತ್ತಿರಲಿಲ್ಲ. ಅವಳ ಪಕ್ಕ ಕೂತು ನೋಟ್‌ಬುಕ್ ತೆರೆದಿದ್ದ ಶಿವಲೀಲಾ ಒಂದು ವಿಚಿತ್ರ ಕಂಡಿದ್ದಳು. ಹದಿನಾಲ್ಕರಲ್ಲಿ ಹನ್ನೆರಡು ಬಾಲು ರಿಂಗಿನ ಮುಂದಿನ ಅಂಚಿಗೇ ಬಡಿದಿದ್ದವು. ಹಿಂದಿನ ಪುಟಗಳಲ್ಲೂ ಅದೇ. ಹಡಗಲಿಯಲ್ಲಿ ಮುಂದಿನ ಅಂಚು, ಕೂಡ್ಲಿಗಿಯಲ್ಲಿ ಮುಂದಿನ ಅಂಚು. ಅಳ್ಳೆದೆಯ ಹುಡುಗಿ ಎಡಕ್ಕೂ ಎಸೆಯುತ್ತಾಳೆ, ಬಲಕ್ಕೂ ಎಸೆಯುತ್ತಾಳೆ. ಇವಳು ಎಸೆದದ್ದು ಹೆಚ್ಚುಕಡಿಮೆ ಎಲ್ಲವೂ ನೆಟ್ಟಗೆ ಹೋಗಿ ಒಂದಿಷ್ಟು ತಗ್ಗಿಗೆ ಬಡಿದಿತ್ತು.

"ಖರೇ ಆಟ ಎಲ್ಲ ಹಳೇ ಕೋರ್ಟಿನ ಜೋಡಿನ ಹೋತು ನೋಡ್ರಿ," ಗುರುಬಸವರಾಜ ಕಣ್ಣು ಅರೆಮುಚ್ಚಿದ. ಈ ಮಾತು ಎಲ್ಲಿಂದ ಶುರುವಾದರೂ ಅಲ್ಲಿಗೇ ಬರುತ್ತದೆಂದು ಶಿವಲೀಲಾಳಿಗೆ ಗೊತ್ತಿತ್ತು. "ಹಳೇ ಹಾಸ್ಟೆಲ್ ಹಿಂದ. ಮಣ್ಣಿನ ಕೋರ್ಟು. ಹನ್ನೆರಡು ವರ್ಷ ಆ ನೆಲದಾಗ ನಮ್ಮನ್ನ ಒಬ್ರೂ ಸೋಲಿಸ್ಲಿಲ್ಲ. ಕೊಟ್ಟೂರಿನವರು ಆರು ಅಡಿ ಆಳುಗಳನ್ನ ತಂದಿದ್ರು. ಒಗದಿದ್ದೆಲ್ಲ ಬೋರ್ಡ್ ದಾಟಿ ಹೋಗ್ತಿತ್ತು! ಕೈ ನಡುಗ್ತಿದ್ವು ಅವರಿಗೆ."

"ನೆಲದ ಗುಣ," ಎಂದ ಪಾಲಾಕ್ಷ ಭಕ್ತಿಯಿಂದ.

"ನೆಲದ ಗುಣ ಅಲ್ಲಲೇ, ಗಂಡಸರ ಗುಣ."

ಆ ಹಳೇ ಕೋರ್ಟಿನ ಮೇಲೆ ಹೊಸ ಹಾಸ್ಟೆಲ್ಲು ಎದ್ದಾಗ, ನಾಲ್ಕು ವರ್ಷದ ಹಿಂದೆ, ಸಂಘದವರು ಇಲ್ಲಿ ಸಿಮೆಂಟಿನ ಕೋರ್ಟು ಕಟ್ಟಿಸಿದ್ದರು. ಆದರೆ ಹೊಸ ಕಂಬಕ್ಕೆ ಒಪ್ಪಲಿಲ್ಲ. ಹಳೆಯ ಎರಡು ಕಬ್ಬಿಣದ ಕಂಬಗಳನ್ನು ಬೋರ್ಡು ರಿಂಗು ಸಮೇತ ಅಗೆದು ತೆಗೆದು, ಹಾರ ಹಾಕಿ, ಟ್ರ್ಯಾಕ್ಟರಿನ ಮೇಲೆ ಮಲಗಿಸಿ ಊರಲ್ಲಿ ಮೆರವಣಿಗೆ ಮಾಡಿ ತಂದರು. ಹಳೇ ಕೋರ್ಟಿನಲ್ಲಿ ಕಂಬ ಎಲ್ಲಿಯತನಕ ನೆಲದೊಳಗೆ ಇತ್ತೋ ಅಲ್ಲಿಗೆ ಕೆಂಪು ಬಣ್ಣದ ಪಟ್ಟಿ ಬಳಿದು, ಇಲ್ಲೂ ಅಷ್ಟೇ ಹೂತರು. ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಗಿ ನಿಂತು ಪಟ್ಟಿ ಸರಿಯಾಯಿತೇ ಎಂದು ನೋಡಿದವನು ಗುರುಬಸವರಾಜನೇ. ತಲೆಯೆತ್ತಿ ರಿಂಗಿನ ಕಡೆ ನೋಡುವುದು ಒಬ್ಬರಿಗೂ ಹೊಳೆದಿರಲಿಲ್ಲ.

ಮೊನ್ನೆ ಗುರುವಾರ ಸಂಜೆ ಎಲ್ಲರೂ ಹೋದ ಮೇಲೆ ಶಿವಲೀಲಾ ತರಗತಿಯಿಂದ ಬೆಂಚು ತರಿಸಿ, ಅದರ ಮೇಲೆ ರೇಣುಕಾಳನ್ನು ಹತ್ತಿಸಿ, ಸ್ಟೀಲ್ ಟೇಪಿನಿಂದ ರಿಂಗಿನ ಎತ್ತರ ಅಳೆಯಿಸಿದ್ದಳು. ಮೂರು ಸಲ. ಈ ಕಡೆಯದು, ಆ ಕಡೆಯದು. ಅವತ್ತಿನಿಂದ ಅವಳಿಗೆ ಸರಿಯಾಗಿ ನಿದ್ದೆಯಿಲ್ಲ. ಜೂನ್ ಬಂದರೆ ಅತಿಥಿ ಉಪನ್ಯಾಸಕರ ಪಟ್ಟಿ ಹೊಸದಾಗಿ ಆಗುತ್ತದೆ, ಪಟ್ಟಿಗೆ ಸಹಿ ಹಾಕುವವರಲ್ಲಿ ಗುರುಬಸವರಾಜನೂ ಒಬ್ಬ. ಸುಮ್ಮನೆ ಪತ್ರ ಬರೆದುಕೊಟ್ಟರೆ ತನಗೇನೂ ನಷ್ಟವಿಲ್ಲ. ಹನ್ನೆರಡು ಹುಡುಗಿಯರು ಮನೆಗೆ ಹೋಗುತ್ತಾರೆ, ಅಷ್ಟೆ. ಕೈಲಾಗದವರು ಎಂಬ ಹೆಸರು ಹೊತ್ತು ಹೋಗುತ್ತಾರೆ.

"ಸರ್," ಎಂದಳು. "ಒಂದು ಮಾತು ಕೇಳ್ಲಾ? ಹನ್ನೆರಡು ವರ್ಷ ನಮ್ಮ ನೆಲದಾಗ ಗೆದ್ರಿ. ಹೊರಗ ಹೋದಾಗ ಎಷ್ಟು ಗೆದ್ರಿ?"

ಪಾಲಾಕ್ಷನ ಕೈಯಲ್ಲಿದ್ದ ಮಿರ್ಚಿ ಬಾಯಿಗೆ ಹೋಗದೆ ಅಲ್ಲೇ ನಿಂತಿತು.

"ಹೊರಗ..." ಗುರುಬಸವರಾಜ ಕೆಮ್ಮಿದ. "ಹೊರಗ ರೆಫ್ರಿ ಎಲ್ಲಾ ಅವರ ಕಡ್ಯಾವ್ರು ಇರ್ತಿದ್ರು. ಕೂಡ್ಲಿಗ್ಯಾಗ ನೀರು ಸರಿ ಇರ್ತಿದ್ದಿಲ್ಲ. ಹಡಗಲ್ಯಾಗ ಬಿಸ್ಲು."

"ಬಿಸ್ಲು ಇಲ್ಲೂ ಅಷ್ಟೇ ಐತಲ್ಲ ಸರ್."

"ನೀವು ಏನು ಹೇಳಾಕ ಹೊಂಟೀರಿ ಮೇಡಂ?"

"ರಿಂಗು ನೆಲದಿಂದ ಹತ್ತು ಅಡಿ ಇರಬೇಕು. ನಮ್ದು ಒಂಬತ್ತು ಅಡಿ ಐದು ಇಂಚು ಐತಿ. ಎರಡೂ ಕಡಿ."

ಇಬ್ಬರೂ ಒಟ್ಟಿಗೆ ಮಾತಾಡಿದರು.

"ಯಾರ್ರೀ ಅಳದವರು?"

"ಆ ಟೇಪು ಎಲ್ಲಿ ತಂದ್ರಿ? ಚೀನಾದ್ದಿರ್ಬೇಕು!"

"ಈ ಕಂಬಕ್ಕ ಅಳತಿ ಹೇಳಾಕ ಬಂದ್ರಲ್ಲ, ಇದರ ಕೆಳಗ ಯಾರ್ಯಾರು ಆಡ್ಯಾರ ಗೊತ್ತೈತೇನು?"

"ಟೇಪು ಬ್ಯಾಗಿನಾಗ ಐತಿ," ಎಂದಳು ಶಿವಲೀಲಾ. "ನೀವೇ ಅಳೀರಿ."

ಗುರುಬಸವರಾಜ ಎದ್ದ. ಕೈ ಒರೆಸಿಕೊಂಡ. ಕಲ್ಲುಬೆಂಚನ್ನು ಎತ್ತಲಾಗದು, ಪಾಲಾಕ್ಷ ಹೋಗಿ ಕಾವಲುಗಾರನ ಕೋಣೆಯಿಂದ ಸ್ಟೂಲು ತಂದ. ಆರು ವರ್ಷದಿಂದ ಮಂಡಿನೋವೆಂದು ದೂರುತ್ತಿದ್ದ ಅಧ್ಯಕ್ಷ ಸಿಟ್ಟಿನಲ್ಲಿ ತಾನೇ ಸ್ಟೂಲು ಹತ್ತಿ, ಟೇಪಿನ ತುದಿಯನ್ನು ರಿಂಗಿಗೆ ಹಿಡಿದ. ಕೆಳಗೆ ಕುಕ್ಕರುಗಾಲಲ್ಲಿ ಕೂತ ಪಾಲಾಕ್ಷ ಕನ್ನಡಕ ಹಣೆಗೇರಿಸಿ ಓದಿದ. ಮತ್ತೆ ಓದಿದ. ಟೇಪನ್ನು ತಿರುಗಿಸಿ ಹಿಂಬದಿಯಲ್ಲೂ ನೋಡಿದ.

"ಎಷ್ಟು ಐತಲೇ?"

"ಇದು... ಸೆಂಟಿಮೀಟರಿನಾಗ ಬ್ಯಾರೆ ಬರ್ತೈತೇನೋ."

"ಎಷ್ಟು ಐತಿ ಅಂತ ಕೇಳಿದೆ!"

"ಒಂಬತ್ತು ಐದು," ಎಂದ ಪಾಲಾಕ್ಷ, ಸಾವಿನ ಸುದ್ದಿ ಹೇಳುವವನಂತೆ.

ಮರದ ಬುಡದಿಂದ ಚೌಡಣ್ಣ ಕೆಮ್ಮಿದ. "ಗರಸು, ಸಾವ್ಕಾರ್ರೆ."

"ಏನು ಗರಸು?"

"ಹಳೇ ಕೋರ್ಟಿಗೆ ವರ್ಷಾ ವರ್ಷಾ ಆಟ ಶುರು ಆಗಕಿಂತ ಮೊದ್ಲು ಎರಡು ಗಾಡಿ ಗರಸು ಮಣ್ಣು ಹೊಡದು ರೋಲರ್ ಎಳೀತಿದ್ವಿ ನೋಡ್ರಿ. ಹಳೇದು ತೆಗೀತಿದ್ದಿಲ್ಲ. ನೀವೇ ಅಂತಿದ್ರಿ, ಹಾಕು ಚೌಡಣ್ಣ, ಮ್ಯಾಲಿಂದ ಮ್ಯಾಲೆ ಹಾಕು, ಮೆತ್ತಗ ಇರ್ಲಿ ಅಂತ. ನೆಲ ಏರ್ತು. ಕಂಬ ಏರ್ತೈತೇನು? ನಾನು ನೆಟ್ಟಾಗ ಹತ್ತು ಅಡಿನ ಇತ್ತು. ಆಮ್ಯಾಲೆ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಗುರುಬಸವರಾಜ ಸ್ಟೂಲಿನ ಮೇಲೇ ನಿಂತಿದ್ದ. ತಲೆಯ ಹತ್ತಿರವೇ ರಿಂಗು. ಆರಡಿ ಆಳುಗಳ ಬಾಲು ಬೋರ್ಡು ದಾಟಿ ಹೋಗಿದ್ದೇಕೆ ಎಂಬುದು ಆ ಮುಖದ ಮೇಲೆ ನಿಧಾನವಾಗಿ ಇಳಿಯುತ್ತಿದ್ದುದನ್ನು ಶಿವಲೀಲಾ ನೋಡಿದಳು. ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮೂವತ್ತು ವರ್ಷ ಒಂದು ಗಿಡ್ಡ ರಿಂಗಿನ ನೆರಳಲ್ಲಿ ನಿಂತು ಇವನು ಎಲ್ಲರನ್ನೂ ಗಿಡ್ಡರೆಂದು ಕರೆದಿದ್ದ. ತಂಡವನ್ನು ಹಾಳು ಮಾಡಿದ್ದು ಇವನ ಭಕ್ತಿ; ಅದಕ್ಕೆ ಶಿಕ್ಷೆ ರೇಣುಕಾಳಿಗೆ.

ಅವನು ಕೆಳಗಿಳಿದ. ದನಿ ಬದಲಾಗಿತ್ತು.

"ಮೇಡಂ, ಇದನ್ನ ಪತ್ರದಾಗ ಬರೀತೀರೇನು?"

"ಈ ವರ್ಷ ಆಡಿದ್ದನ್ನ ಬರೀ ಅಂದ್ರಲ್ಲ ಸರ್. ಹುಡುಗ್ಯಾರು ಇಲ್ಲಿ ಗಿಡ್ಡ ರಿಂಗಿಗೆ ಕೈ ಕೂಡಿಸ್ಕೊಂಡು ಹೊರಗ ಹೋಗಿ ಸೋತಾರ. ಬ್ಯಾರೆ ಏನೂ ಬರಿಯಾಕ ಬರಾಂಗಿಲ್ಲ."

"ಹಂಗ ಬರದ್ರ ಕೊಟ್ಟೂರಿನವರು, ಹರಪನಹಳ್ಳ್ಯಾವರು... ಎಲ್ಲಾ ವಾಟ್ಸಾಪಿನಾಗ ಬರ್ತೈತಿ."

"ಹೌದು ಸರ್, ಬರ್ತೈತಿ." ಅವಳು ಟೇಪನ್ನು ಸುತ್ತಿ ಬ್ಯಾಗಿಗೆ ಹಾಕಿದಳು.

ಪಾಲಾಕ್ಷ ಬುದ್ಧಿವಂತ. ಅವನೇ ಹಾದಿ ತೋರಿಸಿದ. "ಪತ್ರಾನೇ ಬ್ಯಾಡ ಅಂದ್ರ? ತಂಡ ಇರ್ಲಿ ಬಿಡ್ರಿ. ಹುಡುಗ್ಯಾರು ಚಂದ ಆಡ್ತಾವ. ನಾನು ಮೊದ್ಲಿಂದ ಅದನ್ನ ಹೇಳ್ತಿದ್ದೆ."

ಹೇಳುತ್ತಿದ್ದನಂತೆ. ರೇಣುಕಾಳನ್ನು ಆಡಿಕೊಂಡು ನಗುತ್ತಾ ತಿಂದ ಮಿರ್ಚಿಯ ಬೀಜ ಅವನ ಬಾಯಲ್ಲಿ ಇನ್ನೂ ಇತ್ತು.

"ತಂಡ ಇರಬೇಕು ಅಂತ ಪತ್ರ ಬೇಕು ಸರ್," ಎಂದಳು ಶಿವಲೀಲಾ, ಒಂದೊಂದೇ ಮಾತು ಆರಿಸಿ. "ಸಂಘದ ಸಹಿ ಹಾಕಿ, ಇವತ್ತೇ. ಮತ್ತ ರಿಂಗು ಏಳು ಇಂಚು ಮ್ಯಾಲೆ ಹೋಗಬೇಕು, ಒಂದು ವಾರದಾಗ. ಅಷ್ಟಾದ್ರ ಅಳತಿ ಮಾತು ನನ್ನ ಬಾಯಿಂದ ಹೊರಗ ಬರಾಂಗಿಲ್ಲ."

"ಒಂದು ಕಡಿ ಹಳೇದಂಗ ಬಿಡೋಣೇನು? ನೆನಪಿಗೆ?" ಎಂದ ಗುರುಬಸವರಾಜ.

ಅವಳು ಪೆನ್ನಿನ ಮುಚ್ಚಳ ತೆಗೆದಳು.

ಪತ್ರ ಮೂರು ಸಾಲಿಗೆ ಮುಗಿಯಿತು. "ಮಹಿಳಾ ತಂಡದ ಈ ಸಾಲಿನ ಸಾಧನೆಯನ್ನು ಪರಿಗಣಿಸಿ, ತಂಡವನ್ನು ಮುಂದುವರಿಸಲು ಹಾಗೂ ಕೋರ್ಟನ್ನು ಉನ್ನತೀಕರಿಸಲು" ಎಂಬಲ್ಲಿಗೆ ಬಂದಾಗ ಗುರುಬಸವರಾಜನ ಮುಖ ಅರಳಿತು. ಉನ್ನತೀಕರಣ ಎಂಬ ಮಾತನ್ನು ಎರಡು ಸಲ ಬಾಯಲ್ಲಿ ಹೊರಳಿಸಿ, ಸಹಿ ಹಾಕಿದ. ಸತ್ಯವನ್ನು ಇಷ್ಟು ಮೃದುವಾಗಿ ಮುಚ್ಚಿಕೊಟ್ಟದ್ದಕ್ಕೆ ಶಿವಲೀಲಾಳಿಗೆ ತನ್ನ ಎಂ.ಎ. ಮೇಲೂ ಒಂದು ಕ್ಷಣ ತಾತ್ಸಾರ ಹುಟ್ಟಿತು. ಆದರೂ ಕಾಗದವನ್ನು ಮಡಚಿ ಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ ಎಳೆದಳು, ಎಳೆದದ್ದು ಸರಿಯಾಯಿತೇ ಎಂದು ಮತ್ತೊಮ್ಮೆ ಮುಟ್ಟಿ ನೋಡಿದಳು.

ಬುಧವಾರ ವೆಲ್ಡಿಂಗಿನವನು ಬಂದು ಎರಡೂ ರಿಂಗು, ಬೋರ್ಡು ಎತ್ತರಿಸಿ ಹೋದ. ಗುರುವಾರ ಸಂಜೆ ಅಭ್ಯಾಸಕ್ಕೆ ಇಳಿದ ಹುಡುಗಿಯರು ಎಸೆದ ಬಾಲೆಲ್ಲ ಮುಂದಿನ ಅಂಚಿಗೆ ಬಡಿದು ವಾಪಸು ಬಂದವು. ಬೆಂಚಿನ ಮೇಲೆ ಆಗಲೇ ಇಬ್ಬರೂ ಹಾಜರಿದ್ದರು. ಈ ಸಲ ಜೊತೆಗೆ ನಾಲ್ಕು ಮಂದಿ ಹೊಸ ಕೇಳುಗರು.

"ನಾವೇ ಎತ್ತರ ಮಾಡ್ಸಿದ್ವಿ," ಗುರುಬಸವರಾಜ ಹೇಳುತ್ತಿದ್ದ. "ಹುಡುಗ್ಯಾರು ಅಂತ ಎಷ್ಟು ದಿನ ಸಲೀಸು ಕೊಡೋದು? ಈಗ ನೋಡ್ರಿ, ಒಂದೂ ಬೀಳವಲ್ದು. ಹಳೇ ಕೋರ್ಟಿನಾಗ ನಾವು ಇದಕ್ಕಿಂತ ಎತ್ತರಕ್ಕ ಆಡ್ತಿದ್ವಿ."

ಬಾಲು ಎತ್ತಿಕೊಳ್ಳಲು ಬಂದ ರೇಣುಕಾ ಶಿವಲೀಲಾಳ ಹತ್ತಿರ ನಿಂತಳು. "ಮೇಡಂ, ರಿಂಗು ಗಿಡ್ಡ ಇದ್ದದ್ದು ಅವರಿಗೆ ಗೊತ್ತೈತಲ್ಲ?"

"ಗೊತ್ತೈತಿ."

"ಮತ್ತ?"

"ಮತ್ತ ಏನು? ಅವರ ಹತ್ರ ಇನ್ನೇನೈತಿ ಹೇಳು. ನೀ ಒಗಿ."

ರೇಣುಕಾ ಮೂಗಿನಲ್ಲೇ ನಕ್ಕು ಬಾಲನ್ನು ನೆಲಕ್ಕೆ ಎರಡು ಸಲ ಬಡಿದಳು. ಬೆಂಚಿನಿಂದ ಪಾಲಾಕ್ಷ ಕೂಗಿದ, "ಏ ಹುಡುಗಿ, ಮೊಣಕೈ! ಮೊಣಕೈ ಎತ್ತು!" ಹನ್ನೆರಡು ಜನರಲ್ಲಿ ಒಬ್ಬಳೂ ಆ ಕಡೆ ತಿರುಗಲಿಲ್ಲ. ಶಿವಲೀಲಾ ನೋಟ್‌ಬುಕ್ಕಿನ ಹೊಸ ಪುಟ ತೆರೆದು, ದಿನಾಂಕ ಹಾಕಿ, ಮುಂದಿನ ಅಂಚಿಗೆ ಬಡಿದದ್ದನ್ನೆಲ್ಲ ಗುರುತು ಹಾಕುತ್ತಾ ಹೋದಳು.