ಹೆದ್ದಾರಿಯ ಲಟ್ಟಣಿಗೆ

ನನ್ನ ಅತ್ತಿಗೆಯನ್ನು ಯಾರಾದರೂ 'ಆ ಬೋರ್ಡು ಹಿಡಿಯೋ ಹೆಂಗಸು' ಎಂದರೆ ನನಗೆ ಮೈ ಉರಿಯುತ್ತದೆ. ಹಿಡಿದು ನೋಡಲಿ ಒಂದು ದಿನ! ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು, ಅಷ್ಟೇ ಬೋರ್ಡು. ಕೆಂಪು ತೋರಿಸಿದಿರೋ, ಕಾರಿನ ಗಾಜು ಕೆಳಗಿಳಿಯುತ್ತದೆ, ಹಿಂದೆಯೇ ಬೈಗುಳ ಹೊರಬೀಳುತ್ತದೆ. ಬೈಸಿಕೊಂಡು ನಗುನಗುತ್ತಾ ನಿಲ್ಲುವುದು ಅತ್ತಿಗೆಗೆ ಮಾತ್ರ ಗೊತ್ತು. ನಾನಾದರೆ ತಿರುಗಿ ಬೈಯುತ್ತೇನೆ.

ಹೆದ್ದಾರಿಯ ತಿರುವಿನಲ್ಲಿ ನೀರು ನಿಂತು ವಾಹನಗಳು ಜಾರುತ್ತಿದ್ದವು. ಅದಕ್ಕೇ ಅರ್ಧ ರಸ್ತೆ ಮುಚ್ಚಿ, ಆಳೆತ್ತರ ಅಗೆದು ಚರಂಡಿ ಪೈಪು ಹಾಕುವ ಕೆಲಸ ನಡೆದಿತ್ತು. ಉಳಿದರ್ಧದಲ್ಲಿ ಒಂದು ಸಲಕ್ಕೆ ಒಂದೇ ಕಡೆಯ ವಾಹನ. ಮೇಲಿನ ತುದಿಯಲ್ಲಿ ನಾನು, ಕೆಳಗಿನ ತುದಿಯಲ್ಲಿ ಅತ್ತಿಗೆ, ನಡುವೆ ಗುಂಡಿಗಿಳಿದು ಪೈಪು ಕೂರಿಸುವ ನನ್ನಣ್ಣ. ತಿರುವು ಅಡ್ಡ ಇದ್ದುದರಿಂದ ಅವರು ನನಗೆ ಕಾಣರು, ನಾನು ಅವರಿಗೆ ಕಾಣೆ. ಕಂಪನಿ ಕೊಟ್ಟ ವಾಕಿಟಾಕಿ ಆ ತಗ್ಗಿನಲ್ಲಿ ಗೊರಗೊರ ಎನ್ನುವುದು ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ. ಫೋನಿನದೂ ಅದೇ ಹಣೆಬರಹ.

ಮೊದಲ ವಾರವೇ ಎರಡು ಲಾರಿಗಳು ತಿರುವಿನಲ್ಲಿ ಮುಖಾಮುಖಿಯಾದವು. ಒಂದು ಹಿಂದಕ್ಕೆ ಸರಿಯುವಾಗ ಗುಂಡಿಯ ಅಂಚು ಕುಸಿದು ಅಣ್ಣ ಸೊಂಟದವರೆಗೆ ಹೂತುಹೋದ. ಎಳೆದು ತೆಗೆದೆವು. "ಏನೂ ಆಗಿಲ್ಲ ಬಿಡೇ," ಎಂದು ಅವನು ಅತ್ತಿಗೆಗೆ ಹೇಳಿ, ಮಣ್ಣು ಕೊಡವಿಕೊಂಡು ನಕ್ಕ. ಅತ್ತಿಗೆ ನಗಲಿಲ್ಲ.

ಮರುದಿನ ಅಡುಗೆಮನೆಯ ಲಟ್ಟಣಿಗೆಗೆ ಕೆಂಪು ಬಣ್ಣ ಬಳಿದು ತಂದರು.

"ನೋಡಪ್ಪಾ, ಇದು ಯಾರ ಕೈಲಿದ್ಯೋ ಅವರ ಕಡೆ ಗಾಡಿ ಮಾತ್ರ ಬಿಡ್ಬೇಕು. ಕೊನೇ ಗಾಡಿಯವರ ಕೈಲಿ ಇದನ್ನ ಕೊಟ್ಟು ಕಳಿಸು. ಇದು ನನ್ನ ಕೈ ಸೇರ್ತು ಅಂದ್ರೆ ನಡುವೆ ಯಾರೂ ಇಲ್ಲ ಅಂತ. ಕೊಡೋ ಮುಂಚೆ ಎಲ್ಲಿಗೆ ಹೋಗ್ತೀರಿ ಅಂತ ಕೇಳು. ಅರ್ಧದಲ್ಲಿ ಅಡ್ಡರಸ್ತೆಗೆ ತಿರುಗೋರಿಗೆ ಕೊಡ್ಬೇಡ."

"ಈಗ ಅಣ್ಣನಿಗೆ ಬಾರಿಸೋಕೆ ಮನೇಲಿ ಏನಿಟ್ಕೋತೀರಿ?" ಎಂದೆ.

"ನಿನಗೇ ಅಂತ ಇನ್ನೊಂದು ಇಟ್ಟಿದೀನಿ," ಎಂದರು.

ಡ್ರೈವರುಗಳು ಮೊದಮೊದಲು ಹಲ್ಲು ಕಿರಿದರು. ಆಮೇಲೆ ಅವರೇ ಕೈಚಾಚಿ ಕೇಳತೊಡಗಿದರು. ಹದಿನೈದು ದಿನ ಯಾವ ಗಾಡಿಗೂ ಒಂದು ಗೀರು ಬೀಳಲಿಲ್ಲ. ಇಂಥದ್ದು ದೊಡ್ಡ ಓದು ಓದಿದವರ ತಲೆಗೂ ಹೊಳೆದಿರಲಿಲ್ಲ ನೋಡಿ!

ಹದಿನಾರನೆಯ ದಿನ ಮಧ್ಯಾಹ್ನ, ಸಾಲು ತಪ್ಪಿಸಿ ನುಗ್ಗಲು ನೋಡಿದ ಕಾರಿನವನೊಬ್ಬನ ಜೊತೆ ನಾನು ಜಗಳಕ್ಕೆ ಬಿದ್ದಿದ್ದೆ. ಆ ಭರದಲ್ಲಿ, ಆ ಸಲದ ಕೊನೆಯ ಗಾಡಿಯಾದ ಮೊಟ್ಟೆ ವ್ಯಾನಿನೊಳಗೆ ಲಟ್ಟಣಿಗೆ ತುರುಕಿ "ಹೋಗು, ಹೋಗು" ಎಂದೆ. ಎಲ್ಲಿಗೆ ಎಂದು ಕೇಳಲಿಲ್ಲ.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಕೆಳಗಿನಿಂದ ಒಂದು ಸೈಕಲ್ಲೂ ಬರಲಿಲ್ಲ. ನನ್ನ ಸಾಲಿನ ಮುಂದೆ ಜಲ್ಲಿ ತುಂಬಿದ ಟಿಪ್ಪರ್ ಇತ್ತು.

"ಏನಣ್ಣಾ, ಗಾಡಿ ಬಿಡೋಕೂ ಅತ್ತಿಗೆ ಅಪ್ಪಣೆ ಬೇಕಾ?" ಎಂದು ಅದರ ಡ್ರೈವರ್ ಕಿಚಾಯಿಸಿದ.

ನನಗೆ ಮೂಗಿನ ತುದಿಯಲ್ಲೇ ಕೋಪ. ಅತ್ತ ಗಾಡಿಗಳೇ ಇರಲಿಕ್ಕಿಲ್ಲ ಎಂದುಕೊಂಡು ಬೋರ್ಡನ್ನು ಹಸಿರಿಗೆ ತಿರುಗಿಸಿಬಿಟ್ಟೆ. ಟಿಪ್ಪರ್ ಹೋಯಿತು, ಹಿಂದೆ ಎರಡು ಕಾರು ಹೋದವು. ಅವು ದಾಟಿಹೋದ ಮೇಲೆ ಅಡ್ಡರಸ್ತೆಯಿಂದ ಹೊರಬಿದ್ದ ಮೊಟ್ಟೆ ವ್ಯಾನು ವಾಪಸ್ ಬಂದು ನನ್ನೆದುರು ನಿಂತಿತು.

"ಅಣ್ಣಾ, ಅಡ್ಡರಸ್ತೆ ಅಂಗಡಿಗೆ ಮೊಟ್ಟೆ ಹಾಕೋಕೆ ಹೋಗಿದ್ದೆ. ನಿಮ್ಮ ಲಟ್ಟಣಿಗೆ ಸೀಟ್ ಮೇಲೇ ಉಳಿದೋಯ್ತು."

ಅಂದರೆ ಅತ್ತಿಗೆ ಇಷ್ಟು ಹೊತ್ತೂ ಬರಿಗೈಯಲ್ಲಿ ನಿಂತಿದ್ದರು! ರಸ್ತೆ ಖಾಲಿ ಎಂದು ನಾನು ಅಂದುಕೊಂಡಂತೆ ಅವರೂ ಅಂದುಕೊಂಡು ಗಾಡಿ ಬಿಟ್ಟಿದ್ದರೆ, ಟಿಪ್ಪರಿಗೆ ಎದುರಾಗಿ ಇನ್ನೊಂದು ಗಾಡಿ ಬರುವುದು ತಿರುವಿನಲ್ಲೇ, ಅಣ್ಣನ ತಲೆಯ ಪಕ್ಕದಲ್ಲೇ.

"ವ್ಯಾನ್ ಅಡ್ಡ ನಿಲ್ಸು, ಯಾರನ್ನೂ ಬಿಡ್ಬೇಡ!" ಎಂದು ಕೂಗಿ, ಲಟ್ಟಣಿಗೆ ಕಿತ್ತುಕೊಂಡು ಓಡಿದೆ. ತಿರುವಿಗೆ ಬಂದಾಗ ಗುಂಡಿಯ ಅಂಚಿನಿಂದ ಮಣ್ಣು ಇನ್ನೂ ಉದುರುತ್ತಿತ್ತು. ಅಣ್ಣ ತಲೆಯೆತ್ತಿ "ಯಾಕೋ ಓಡ್ತಿದೀಯಾ, ಕತ್ತೆ?" ಎಂದ. ಬದುಕಿದ್ದಾನೆ! ಎದುರಿಗೆ ಒಂದೂ ಗಾಡಿ ಇರಲಿಲ್ಲ.

ಕೆಳಗೆ ನಡೆದದ್ದನ್ನು, ಅಲ್ಲಿನ ಸಾಲಿನಲ್ಲಿ ಕಾಯುತ್ತಿದ್ದ ಬಸ್ಸಿನ ಡ್ರೈವರ್ ನನಗೆ ಆಮೇಲೆ ಹೇಳಿದ. ಕಣ್ಣು ಹಾಯುವಷ್ಟು ದೂರ ಸಾಲು ಬೆಳೆದಿತ್ತಂತೆ. ಎಲ್ಲರಿಗಿಂತ ಮುಂದೆ ನಮ್ಮ ಎಂಜಿನಿಯರ ಜೀಪು. ಅವರು ಅತ್ತಿಗೆಯನ್ನು ಗದರಿದರಂತೆ:

"ಇಪ್ಪತ್ತು ನಿಮಿಷದಿಂದ ಆ ಕಡೆಯಿಂದ ಒಂದು ನರಪಿಳ್ಳೆ ಬಂದಿಲ್ಲ. ಬಿಡು ಅಂದ್ರೆ ಬಿಡ್ಬೇಕು! ಇಲ್ದಿದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ ನೀನು!"

"ಬರಲ್ಲ ಸಾರ್," ಎಂದರಂತೆ ಅತ್ತಿಗೆ. "ಆದ್ರೆ ಇವತ್ತು ಲಟ್ಟಣಿಗೆ ಬರೋವರೆಗೂ ಬಿಡಲ್ಲ."

ಆ ಮಾತು ಮುಗಿಯುವ ಹೊತ್ತಿಗೇ ತಿರುವಿನಲ್ಲಿ ಟಿಪ್ಪರಿನ ಮೂತಿ ಕಂಡಿತಂತೆ.

ನಾನು ಏದುಸಿರು ಬಿಡುತ್ತಾ ತಲುಪಿದಾಗ ಎಂಜಿನಿಯರ ಮುಖದಲ್ಲಿ ರಕ್ತವಿರಲಿಲ್ಲ. "ಟಿಪ್ಪರ್ ಬಿಟ್ಟೋರು ಯಾರು?" ಎಂದರು.

"ನಾನೇ ಸಾರ್. ತಪ್ಪು ನಂದೇ."

"ಅವನನ್ನ ಬೈಯೋದು ನನ್ನ ಪಾಲಿಗಿರ್ಲಿ ಸಾರ್," ಎಂದ ಅತ್ತಿಗೆ ನನ್ನ ಕಡೆ ತಿರುಗಿದರು. "ನಿಮ್ಮಣ್ಣ?"

"ಚೆನ್ನಾಗಿದಾನೆ ಅತ್ತಿಗೆ. ನನಗೇ ಕತ್ತೆ ಅಂದ."

"ಸರಿಯಾಗೇ ಅಂದಿದಾರೆ."

ಆಗಲೇ ನಾನು ಅವರ ಕೈ ನೋಡಿದ್ದು. ಬೋರ್ಡಿನ ಕೋಲನ್ನು ಹಿಡಿದ ಬೆರಳುಗಳು ಮರಗಟ್ಟಿಹೋಗಿದ್ದವು, ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು. ತೋಳಿನಿಂದ ಕಣ್ಣೊರೆಸಿಕೊಂಡು ಲಟ್ಟಣಿಗೆ ತೆಗೆದುಕೊಂಡರು. ನನಗೆ ಅಳು ಬಂತು, ಅತ್ತೂಬಿಟ್ಟೆ. ನಾಚಿಕೆಯೇನಿಲ್ಲ.

ಎಂಜಿನಿಯರು ಜೀಪನ್ನು ಸಾಲಿನಿಂದ ಪಕ್ಕಕ್ಕೆ ತೆಗೆದರು. "ಎಲ್ಲರೂ ಹೋಗ್ಲಿ. ನಾನು ಕೊನೇಲಿ ಬರ್ತೀನಿ. ಅದನ್ನ ನಾನೇ ತಗೊಂಡು ಹೋಗ್ತೀನಮ್ಮಾ," ಎಂದರು. ಅತ್ತಿಗೆ ಹಸಿರು ತೋರಿಸಿದರು. ಬಸ್ಸು ಹೋಯಿತು, ಅದರ ಹಿಂದೆ ಅಷ್ಟುದ್ದದ ಸಾಲೂ ಕರಗಿತು. ಬೈದವರೆಲ್ಲ ಈಗ ತಲೆ ತಗ್ಗಿಸಿ ದಾಟಿದರು. ಕೊನೆಗೆ ಜೀಪು ಬಂತು. ಮೇಲಿನ ತುದಿಗೆ ಮರಳಬೇಕಲ್ಲ, ನಾನೂ ಅದರಲ್ಲೇ ಕೂತಿದ್ದೆ. ಅಭ್ಯಾಸಬಲದಿಂದ ಕೈ ಚಾಚಿದೆ.

ಅತ್ತಿಗೆ ಲಟ್ಟಣಿಗೆಯನ್ನು ಹಿಂದಕ್ಕೆ ಹಿಡಿದು, ಎಂಜಿನಿಯರ ಮುಖವನ್ನೇ ನೋಡಿ ಕೇಳಿದರು: "ಎಲ್ಲಿಗೆ ಹೋಗ್ತೀರಿ ಸಾರ್?"

"ಮೇಲಿನ ತುದಿವರೆಗೂ ಅಮ್ಮಾ," ಎಂದರು ಅವರು. "ನಡುವೆ ಎಲ್ಲೂ ತಿರುಗಲ್ಲ."

ಆಗ ಅತ್ತಿಗೆ ನನ್ನ ಕೈಯನ್ನು ದಾಟಿಸಿ ಲಟ್ಟಣಿಗೆಯನ್ನು ಎಂಜಿನಿಯರ ಕೈಗೆ ಕೊಟ್ಟರು.