ಬೇಡವೆಂದ ಖಾತೆ

ಆ ಪಕ್ಷಕ್ಕೆ ಇದ್ದವರೇ ಆರು ಜನ ಸಂಸದರು. ಸರ್ಕಾರದ ಖಾತೆಗಳೋ ಇಪ್ಪತ್ತರ ಮೇಲೆ. ಹಾಗಾಗಿ ಒಬ್ಬೊಬ್ಬರ ಕುತ್ತಿಗೆಗೂ ಮೂರ್ನಾಲ್ಕು ಖಾತೆಗಳ ವಕ್ತಾರಿಕೆ ಬೀಳುತ್ತಿತ್ತು. ಇಂಥ ಪುಟ್ಟ ಪಕ್ಷಕ್ಕೆ ಸದನದಲ್ಲಿ ಒಂದು ವಿಷಯಕ್ಕೆ ಸಿಗುವುದು ಒಂದೇ ಸರದಿ, ಅದೂ ಆ ಖಾತೆಯ ವಕ್ತಾರರಿಗೆ ಮಾತ್ರ. ಉಳಿದವರು ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು.

ನರ್ಸಮ್ಮನಿಗೆ ಬೇಕಾಗಿದ್ದದ್ದು ಆರೋಗ್ಯ ಒಂದೇ. ಎರಡು ಸಲ ಗೆದ್ದು ಬಂದರೂ ಎಲ್ಲರ ಬಾಯಲ್ಲಿ ಆಕೆ ಇನ್ನೂ ನರ್ಸಮ್ಮನೇ. ಸಣ್ಣ ಊರುಗಳ ಹೆರಿಗೆ ವಾರ್ಡು ಮುಚ್ಚುವ ಪ್ರಸ್ತಾವ ಖಾತೆ ಹಂಚುವ ದಿನವೇ ಮಧ್ಯಾಹ್ನ ಚರ್ಚೆಗೆ ಬರುವುದಿತ್ತು. ಆಕೆ ದುಡಿದ ವಾರ್ಡೂ ಅದರಲ್ಲಿ ಸೇರಿತ್ತು. ಎದ್ದು ನಿಂತು ಮಾತಾಡುತ್ತೇನೆಂದು ಊರಿಗೆಲ್ಲ ಮಾತು ಕೊಟ್ಟು ಬಂದಿದ್ದಳು. ಆ ವಾರ್ಡಿನಲ್ಲಿ ಇನ್ನೂ ಕೆಲಸದಲ್ಲಿದ್ದ ಅತ್ತಿಗೆ ಬೆಳಗ್ಗೆಯಿಂದ ಫೋನ್ ಮಾಡಿ ಮಾಡಿ ಪ್ರಾಣ ತಿನ್ನುತ್ತಿದ್ದಳು.

ಪಕ್ಷದಲ್ಲಿ ವಕ್ತಾರರನ್ನು ಆರಿಸುವ ಪದ್ಧತಿಯೋ, ದೇವರಿಗೇ ಪ್ರೀತಿ. ಇಂಥ ಖಾತೆ ಬೇಕೆಂದು ಯಾರೂ ಕೇಳುವ ಹಾಗಿಲ್ಲ, ಕೇಳಿದರೆ ಪದವಿಯ ಆಸೆಬುರುಕರೆಂಬ ಹೆಸರು. ಬೇಡವಾದ ಒಂದನ್ನು ಮಾತ್ರ ಹೇಳಬಹುದು. ಅಧ್ಯಕ್ಷರು ಹಳೇ ವಕೀಲರು, ಹುಟ್ಟಾ ಮೊಂಡರು. ಯಾರು ಏನನ್ನು ಬೇಡವೆನ್ನುತ್ತಾರೋ ಅದನ್ನೇ ಅವರ ತಲೆಗೆ ಕಟ್ಟುತ್ತಿದ್ದರು. ಹೋದ ಸಲ ಮೀನುಗಾರಿಕೆ ಬೇಡವೆಂದಿದ್ದ ನರ್ಸಮ್ಮನಿಗೆ ಸಿಕ್ಕಿದ್ದು ಅದೇ. ದೋಣಿ ನೋಡಿದರೇ ವಾಂತಿ ಬರುವ ಹೆಂಗಸಿಗೆ!

ಅಧ್ಯಕ್ಷರು ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಲಿಫ್ಟಿನ ಪಕ್ಕದ ಇಕ್ಕಟ್ಟು ಪಡಸಾಲೆಯಲ್ಲಿ ಕಾಯುವುದು ಆಕೆಯಿಂದ ಆಗಲಿಲ್ಲ. ಕಿಟಕಿಗೆ ಹೋದಳು, ಬಂದಳು. ನೀರು ಕುಡಿದಳು, ಲೋಟ ಎಲ್ಲಿಟ್ಟೆನೆಂದು ಮರೆತು ಮತ್ತೊಂದು ಲೋಟ ತುಂಬಿಸಿದಳು.

"ಸ್ವಲ್ಪ ಕೂತ್ಕೊಳ್ಳಿ ಮಾರಾಯ್ತಿ, ನಿಮ್ಮನ್ನ ನೋಡಿ ನಂಗೆ ತಲೆ ತಿರುಗ್ತಿದೆ," ಎಂದರು ದನದ ಡಾಕ್ಟರು. ಅವರೂ ಪಕ್ಷದ ಸಂಸದರೇ.

"ನೀವೇನು ಬೇಡ ಅನ್ನೋರು?"

ಡಾಕ್ಟರು ದನಿ ತಗ್ಗಿಸಿದರು. "ಕೃಷಿ. ಅದೇ ಬೇಕಲ್ಲ ನಂಗೆ!"

ಇಬ್ಬರೂ ಕಳ್ಳನಗೆ ನಕ್ಕರು.

ಒಳಗೆ ಅಧ್ಯಕ್ಷರು ಕನ್ನಡಕ ಒರೆಸುತ್ತ ಕೂತಿದ್ದರು.

"ಏನು ಬೇಡ ಹೇಳಿ."

"ಆರೋಗ್ಯ ಒಂದು ಬೇಡ ಸಾರ್. ಅದರಲ್ಲೇ ಬೆಂದು ಸಾಕಾಗಿದೆ."

ಅಧ್ಯಕ್ಷರ ಕೈ ನಿಂತಿತು. "ನಿಜವಾಗ್ಲೂ?"

"ಖಂಡಿತ ಬೇಡ."

ಹೊರಗೆ ಬಂದವಳೇ ಅತ್ತಿಗೆಗೆ ಫೋನ್ ಹಚ್ಚಿದಳು. "ವಾರ್ಡಿನ ಟೀವಿ ಹಾಕಿಡು."

ಊಟಕ್ಕೆ ಮುಂಚೆ ಅಧ್ಯಕ್ಷರು ಎಲ್ಲರನ್ನೂ ಒಳಗೆ ಕರೆದರು. "ಹೋದ ಸಭೇಲಿ ಎಲ್ಲ ಸೇರಿ ನನ್ನ ನೀರಿಳಿಸಿದ್ರಿ, ಯಾರ ಮಾತೂ ಕೇಳಲ್ಲ ಅಂತ. ಸರಿಯಪ್ಪಾ, ಈ ಸಲ ಕೇಳಿದೀನಿ. ಬೇಡ ಅಂದಿದ್ದನ್ನ ಯಾರಿಗೂ ಕೊಟ್ಟಿಲ್ಲ."

ಕೃಷಿ ನರ್ಸಮ್ಮನಿಗೆ, ಆರೋಗ್ಯ ದನದ ಡಾಕ್ಟರಿಗೆ. ಡಾಕ್ಟರ ಮುಖ ಬಿಳಿಚಿಕೊಂಡಿತು. ನರ್ಸಮ್ಮ ಅಧ್ಯಕ್ಷರನ್ನು ಬಾಗಿಲಲ್ಲೇ ಅಡ್ಡಗಟ್ಟಿದಳು.

"ಬದಲಾಯಿಸಿ ಸಾರ್, ನಿಮ್ಮ ದಮ್ಮಯ್ಯ."

"ಸಭಾಧ್ಯಕ್ಷರ ಕಚೇರಿಗೆ ಹೆಸರು ಹೋಗಾಯ್ತಮ್ಮ. ಅಧಿವೇಶನ ಮುಗಿಯೋವರೆಗೂ ಇಷ್ಟೇ." ಆಮೇಲೆ ಬೇಸರದಿಂದಲೇ ಹೇಳಿದರು, "ಆರೋಗ್ಯ ನಿಮಗೇ ಅಂತ ತೆಗೆದಿಟ್ಟಿದ್ದೆ. ಅದಕ್ಕೇ ಅಲ್ವಾ ನಿಜವಾಗ್ಲೂ ಅಂತ ಕೇಳಿದ್ದು?"

ಬಯ್ಯಲು ಎದುರಿಗೆ ಯಾರೂ ಸಿಗದಂಥ ಸಿಟ್ಟು ಅದು. ಆಕೆ ಊಟ ಮುಟ್ಟಲಿಲ್ಲ. ಡಾಕ್ಟರನ್ನು ಮೂಲೆಗೆ ಕೂರಿಸಿಕೊಂಡು, ನೋವು ಶುರುವಾದ ಹೆಂಗಸನ್ನು ದೂರದ ಊರಿಗೆ ಸಾಗಿಸಿದರೆ ದಾರಿಯಲ್ಲಿ ಏನೇನಾಗುತ್ತದೆಂದು ಬಾಯಿಪಾಠ ಮಾಡಿಸಿದಳು. ಅವರು ಹೂಂಗುಟ್ಟಿದರು, ಬೆವರಿದರು.

ಸದನದಲ್ಲಿ ಡಾಕ್ಟರು ಎದ್ದು ನಿಂತರು. ಎರಡನೇ ಮಾತಿಗೇ ತಡವರಿಸಿದರು. ಪಕ್ಕದಲ್ಲಿ ಕೂತ ನರ್ಸಮ್ಮ ಪಿಸುಗುಟ್ಟಿದಳು, ಅವರು ಹೇಳಿದರು. ಮತ್ತೆ ಪಿಸುಗುಟ್ಟಿದಳು. ಅರ್ಧಕ್ಕೇ ಗಂಟೆ ಹೊಡೆಯಿತು, ಸಭಾಧ್ಯಕ್ಷರು ಮುಂದಿನ ಪಕ್ಷವನ್ನು ಕರೆದರು. ದಾರಿಯಲ್ಲಿ ಹೆತ್ತವಳ ಕಥೆ ನರ್ಸಮ್ಮನ ಗಂಟಲಲ್ಲೇ ಉಳಿಯಿತು.

ಹೊರಗೆ ಬರುವಷ್ಟರಲ್ಲಿ ಫೋನ್.

"ಟೀವಿ ಕೆಟ್ಟಿದೆ ಅಂದ್ಕೊಂಡ್ವಿ ಕಣೇ," ಎಂದಳು ಅತ್ತಿಗೆ. "ನಿನ್ನ ತುಟಿ ಅಲ್ಲಾಡ್ತಿತ್ತು, ದನಿ ಮಾತ್ರ ಯಾರೋ ಗಂಡಸಿಂದು. ಬಾಣಂತಿಯರೂ ಎದ್ದು ಕೂತು ನೋಡ್ತಿದ್ರು."

ನರ್ಸಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಮಾತೆಲ್ಲ ನಿಂದೇ ಅಲ್ವಾ? ಮತ್ತೆ ಎದ್ದು ನಿಲ್ಲೋಕೆ ಏನಾಗಿತ್ತೇ ನಿಂಗೆ?"