ಫುಟ್‌ಬೋರ್ಡಿನ ಮೇಲೆ ಒಂದು ಕಾಲು

ಹಡಗು ಬೆಳಿಗ್ಗೆ ಎಂಟಕ್ಕೆ ಪಣಂಬೂರು ಬಂದರಿಗೆ ಬಂತು. ಮಧ್ಯಾಹ್ನ ಮೂರೂವರೆಯೊಳಗೆ ಗೇಟಿಗೆ ವಾಪಸಾಗದವರನ್ನು ಬಿಟ್ಟು ಹೋಗುತ್ತೇವೆ ಎಂದು ಮೈಕಿನಲ್ಲಿ ಮೂರು ಸಲ ಹೇಳಿದರು. ಉಳಿದವರೆಲ್ಲ ಏಸಿ ಕೋಚಿನಲ್ಲಿ ದೇವಸ್ಥಾನ, ಬೀಚು, ಗೋಡಂಬಿ ಕಾರ್ಖಾನೆ ನೋಡಲು ಹೊರಟರು. ನನ್ನ ಊರನ್ನು ನನಗೇ ತೋರಿಸಲು ಗೈಡ್ ಬೇಕೇ? ಮುಂಬಯಿಯಲ್ಲಿ ಮೂವತ್ತಾರು ವರ್ಷ ಕಳೆದರೂ ಈ ವೆರೊನಿಕಾ ನಿಟ್ಟೆಯವಳೇ. ಕ್ರೂಸ್ ಟಿಕೆಟ್ ಕೊಡಿಸಿದ್ದು ಮಗಳು ಶರೋನ್. ಹಡಗು ಇಲ್ಲಿ ನಿಲ್ಲುತ್ತದೆ ಎಂದು ಗೊತ್ತಾದ ಮೇಲೆಯೇ ನಾನು ಒಪ್ಪಿದ್ದು.

ನಿಟ್ಟೆಯಲ್ಲಿ ನನ್ನ ತಂಗಿ ಝೀಟಾ ಇದ್ದಾಳೆ. ಹನ್ನೊಂದು ವರ್ಷದಿಂದ ನಮಗೆ ಮಾತಿಲ್ಲ. ಅಮ್ಮ ತೀರಿಕೊಂಡಾಗ ನನ್ನ ರೈಲು ತಡವಾಗಿತ್ತು. ಇಗರ್ಜಿಯ ಗೇಟಿಗೆ ಓಡಿ ಬಂದಾಗ ಜನ ಅಮ್ಮನನ್ನು ಮಣ್ಣು ಮಾಡಿ, ಕೈ ಕೊಡವುತ್ತ ಹೊರಗೆ ಬರುತ್ತಿದ್ದರು. “ನಿನ್ನೊಬ್ಬಳಿಗಾಗಿ ಇಷ್ಟು ಜನ ಎಷ್ಟು ಹೊತ್ತು ಕಾಯುವುದು?” ಎಂದಳು ಝೀಟಾ. ಅಷ್ಟೇ ಸಾಕಾಯಿತು. ನಾನು ಅಲ್ಲಿಂದಲೇ ತಿರುಗಿ ಹೋದೆ. ಅಮ್ಮನ ಮುಖ ಕೊನೆಗೊಮ್ಮೆ ನೋಡಲಾಗಲಿಲ್ಲ ಎಂಬ ಸಂಕಟ ಇವತ್ತಿಗೂ ಆರಿಲ್ಲ. ಆದರೆ ನನಗೂ ಅರವತ್ತೇಳಾಯಿತು. ಇನ್ನೆಷ್ಟು ದಿನ ಈ ಸಿಟ್ಟನ್ನು ಸಾಕುವುದು?

ಉಡುಪಿ ಎಕ್ಸ್‌ಪ್ರೆಸ್ ಹತ್ತಿದೆ. ಪಡುಬಿದ್ರಿಯಲ್ಲಿ ಇಳಿದು ಕಾರ್ಕಳದ ಬಸ್ಸು ಹಿಡಿದೆ. ಯಾರೋ ಕಂಡಕ್ಟರನ ಕೈಗೆ ಮೀನಿನ ಚೀಲ ಕೊಟ್ಟು, “ಬೆಳ್ಮಣ್ಣಿನಲ್ಲಿ ತಮ್ಮ ಬರುತ್ತಾನೆ” ಎಂದರು. ಚೀಲ ನನ್ನ ಕಾಲ ಬುಡಕ್ಕೇ ಬಂತು. ನಿಟ್ಟೆಯಲ್ಲಿ ಕಾಲೇಜಿನ ಹುಡುಗರ ನಡುವೆ ನುಸುಳಿಕೊಂಡು ಇಳಿದು, ಬಿಸಿಲಲ್ಲಿ ನಡೆದು ಹೋದರೆ ಝೀಟಾಳ ಮನೆಗೆ ಬೀಗ.

ಪಕ್ಕದ ಮನೆಯ ಸುಗಂಧಿ ಹೊರಗೆ ಬಂದರು. ನಮ್ಮ ಕಡೆ ಕ್ರಿಸ್ತರ ಹೆಂಗಸರನ್ನು ‘ಬಾಯಿ’ ಎಂದೇ ಕರೆಯುವುದು. “ಎಂತ ಬಾಯಿ, ಫೋನ್ ಮಾಡಿ ಬರಬಾರದಿತ್ತಾ? ಅವರು ಹಲ್ಲು ಕೀಳಿಸಲಿಕ್ಕೆ ಕಾಪುವಿಗೆ ಹೋಗಿದ್ದಾರಲ್ವಾ!”

ಹನ್ನೊಂದು ವರ್ಷ ಫೋನ್ ಮಾಡದವಳು ಇವತ್ತು ಏನೆಂದು ಮಾಡಲಿ? ಮೂರೂವರೆಗೆ ಪಣಂಬೂರಿನಲ್ಲಿ ಹಡಗು ಹತ್ತಬೇಕು ಎಂದೆ. ಸುಗಂಧಿಯೇ ಝೀಟಾಳಿಗೆ ಫೋನ್ ಮಾಡಿದರು. “ಈಗ ಕುರ್ಚಿಯಲ್ಲಿ ಕೂತಿದ್ದಾರಂತೆ. ಮುಗಿದ ಕೂಡಲೇ ಪಡುಬಿದ್ರಿಗೆ ಬರುತ್ತಾರಂತೆ. ನೀವು ಅಲ್ಲೇ ನಿಲ್ಲಬೇಕಂತೆ” ಎಂದರು. ನನ್ನ ನಂಬರನ್ನೂ ಬರೆದುಕೊಂಡರು.

ಪಡುಬಿದ್ರಿಯಲ್ಲಿ ನಿಂತೇ ನಿಂತೆ. ಪಣಂಬೂರಿನ ಮೇಲೆ ಹೋಗುವ ಮಂಗಳೂರಿನ ಎರಡು ಎಕ್ಸ್‌ಪ್ರೆಸ್‌ಗಳನ್ನು ಬಿಟ್ಟೆ. ಸುಗಂಧಿಯ ಫೋನ್ ಬಂತು: “ಸರ್ವಿಸ್ ಬಸ್ಸು ಸಿಕ್ಕಿದೆಯಂತೆ, ದಾರಿಯಲ್ಲಿ ಉಂಟು.” ಸರ್ವಿಸ್ ಬಸ್ಸೆಂದರೆ ಕೈ ತೋರಿಸಿದಲ್ಲೆಲ್ಲ ನಿಲ್ಲುವಂಥದ್ದು. ಮೂರನೆಯ ಎಕ್ಸ್‌ಪ್ರೆಸ್ ಬಂದಾಗ ಎರಡೂ ಮುಕ್ಕಾಲು. ಅದನ್ನೂ ಬಿಟ್ಟರೆ ಹಡಗು ತಪ್ಪುತ್ತದೆ.

ನಮ್ಮ ಕಡೆಯ ಹಳೆಯ ಉಪಾಯ ಮಾಡಿದೆ. ಒಂದು ಕಾಲು ಫುಟ್‌ಬೋರ್ಡಿನ ಮೇಲಿಟ್ಟು, ಇನ್ನೊಂದನ್ನು ನೆಲದಲ್ಲೇ ಊರಿ, ಕಂಬಿ ಹಿಡಿದು ನಿಂತೆ. ಹಾಗೆ ನಿಂತರೆ ಕಂಡಕ್ಟರ್ ವಿಸಿಲ್ ಊದುವಂತಿಲ್ಲ.

“ಹತ್ತಿ, ಬಾಯಿ, ಟೈಮ್ ಆಯ್ತು.”

“ತಂಗಿ ಬರುತ್ತಾಳೆ. ಒಂದು ನಿಮಿಷ.”

“ಹಿಂದಿನ ಬಸ್ಸಿನವ ಜಗಳಕ್ಕೆ ಬರುತ್ತಾನೆ ಮಾರಾಯ್ರೇ!” ಡ್ರೈವರ್ ಹಾರ್ನ್ ಬಾರಿಸಿದ. ಮುಂದಿನ ಸೀಟಿನ ಹೆಂಗಸು ಕಿಟಕಿಯಿಂದ ತಲೆ ಹೊರಹಾಕಿ ಗದರಿಸಿದಳು: “ಒಬ್ಬರಿಗಾಗಿ ಇಷ್ಟು ಜನ ಎಷ್ಟು ಹೊತ್ತು ಕಾಯುವುದು?”

ನನ್ನ ಮುಖ ಬಿಸಿಯಾಯಿತು. ಆದರೂ ಕಾಲು ತೆಗೆಯಲಿಲ್ಲ. ಬೈದರೆ ಬೈಯಲಿ.

ಅಷ್ಟರಲ್ಲಿ ಸರ್ವಿಸ್ ಬಸ್ಸು ಬಂತು. ಬಾಯಿಗೆ ಕರ್ಚೀಫು ಒತ್ತಿಕೊಂಡ ಒಬ್ಬ ಮುದುಕಿ ಇಳಿದು ಓಡಿ ಬಂದಳು. ಇವಳು ಯಾವಾಗ ಇಷ್ಟು ಮುದುಕಿಯಾದಳು? ಕಂಡಕ್ಟರ್ ಇಬ್ಬರನ್ನೂ ಒಳಗೆ ತಳ್ಳಿ ವಿಸಿಲ್ ಊದಿದ.

ಅಕ್ಕಪಕ್ಕ ಕುಳಿತೆವು. ಅವಳ ಎಡಗೆನ್ನೆ ಊದಿತ್ತು. ಬಾಯೊಳಗೆ ಹತ್ತಿ. ಮಾತಾಡಬೇಡ ಎಂದು ಡಾಕ್ಟರ್ ಹೇಳಿರಬೇಕು; ಮುಲ್ಕಿ ದಾಟುವವರೆಗೂ ನನ್ನ ಕೈಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದಳು. ತಡೆಯಲಾರದೆ ನಾನೇ ಹೇಳಿದೆ: “ನಿನಗಾಗಿ ಬಸ್ಸನ್ನೇ ಹಿಡಿದು ನಿಲ್ಲಿಸಿದೆ. ಎಲ್ಲರೂ ಬೈದರು.”

ಝೀಟಾ ಹತ್ತಿಯನ್ನು ತೆಗೆದು ಕರ್ಚೀಫಿನಲ್ಲಿ ಸುತ್ತಿದಳು.

“ಆ ದಿನ ಇಗರ್ಜಿಯಲ್ಲಿ ನಾನೂ ಅರ್ಧ ಗಂಟೆ ಅಮ್ಮನ ಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡು ನಿಂತಿದ್ದೆ. ಹಾಕಲಿಕ್ಕೆ ಬಿಡಲಿಲ್ಲ. ಅಕ್ಕ ಬರುತ್ತಾಳೆ, ಅಕ್ಕ ಬರುತ್ತಾಳೆ ಅಂತ. ಎಲ್ಲರೂ ಬೈದರು. ಎಲ್ಲರೂ ನನಗೆ ಹೇಳಿದ್ದನ್ನೇ ಸಿಟ್ಟಿನಲ್ಲಿ ನಿನಗೆ ಹೇಳಿಬಿಟ್ಟೆ. ನೀನು ನಿಂತು ಕೇಳಲೇ ಇಲ್ಲ.”

ನನಗೆ ಅಳು ಉಕ್ಕಿ ಬಂತು. ಹನ್ನೊಂದು ವರ್ಷ ಸುಮ್ಮನೆ ಹಾಳು ಮಾಡಿದೆನಲ್ಲ ಎಂದು ನಾಚಿಕೆಯಾಯಿತು.

“ಪಣಂಬೂರು ಯಾರು?” ಎಂದು ಕಂಡಕ್ಟರ್ ಕೂಗಿದ.

“ಇಬ್ಬರು,” ಎಂದಳು ಝೀಟಾ.